ಅಕ್ಕ ಬಿಡಿಸಿ ಹೇಳಿದ ಇಂಗ್ಲಿಷ್

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ, ಮಕ್ಕಳೇ. ನನ್ನ ಬಾಲ್ಯದ ಕತೆ ಹೇಳು ಎಂದು ನೀವು ಕೇಳಿದಾಗಲೆಲ್ಲ ಬೇರೆ ಏನನ್ನೋ ಹೇಳಿ ತಪ್ಪಿಸಿಕೊಂಡೆ. ಹಾಗೆ ತಪ್ಪಿಸಿಕೊಂಡು ಈಗ ಸಾಕಾಗಿದೆ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಅಪ್ಪ ಕಾಯಿ ವಿಂಗಡಿಸುತ್ತಿದ್ದರು. ರಜೆಯಲ್ಲಿ ಅಕ್ಕನೂ ನಾನೂ ಜೊತೆಗೆ ಹೋಗುತ್ತಿದ್ದೆವು. ಒಣಹುಲ್ಲಿನ ಮೇಲೆ ರಾಶಿ ರಾಶಿ ಕಾಯಿ, ಮೂಗಿಗೆ ಅಡರುವ ಸೊನೆಯ ವಾಸನೆ, ಬೆರಳಿಗೆಲ್ಲ ಅಂಟು. ನಾನು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯತೊಡಗಿ ಒಂದು ವರ್ಷವಾಗಿತ್ತು. ಅಕ್ಕ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ನಾನು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ರಾಗಿ ಬೀಸುತ್ತಾ, ಕೇಳಿಸಿಕೊಂಡೇ ಕಲಿತಿದ್ದಳು.

ರಜೆಯ ಕೊನೆಯ ದಿನ ಅಪ್ಪ ಎರಡು ಕಾಯಿ ಎತ್ತಿ ಹಿಡಿದು, "ಎಲ್ಲಿ, ಯಾವುದು ದೊಡ್ಡದು ಅಂತ ಇಂಗ್ಲಿಷಲ್ಲಿ ಹೇಳೋ" ಎಂದರು. ನನಗೆ ಪುಸ್ತಕದ ಪಾಠದಲ್ಲಿ ಹೋಲಿಸಿದ್ದ ಆನೆ, ಕುದುರೆ ಮಾತ್ರ ನೆನಪಿತ್ತು. ಅಕ್ಕ ಅಪ್ಪನ ಒಂದು ಕೈಯ ಕಾಯಿಯತ್ತ ಬೆರಳು ತೋರಿಸಿ, "ದಿಸ್ ಈಸ್ ಬಿಗರ್ ದ್ಯಾನ್ ದಟ್" ಎಂದಳು. ರಾಶಿಯಿಂದ ಇನ್ನೊಂದು ಕಾಯಿ ಆರಿಸಿ ಅವುಗಳ ಪಕ್ಕದಲ್ಲಿ ಹಿಡಿದು, "ದಿಸ್ ಈಸ್ ದ ಬಿಗೆಸ್ಟ್" ಎಂದು ನಕ್ಕಳು.

ಬುಟ್ಟಿಗೆ ಹುಲ್ಲು ತುಂಬುತ್ತಿದ್ದ ತೆಲುಗಿನವನೊಬ್ಬ ನನ್ನನ್ನು ನೋಡಿ, "ಒರೇ ಅಬ್ಬಾಯಿ, ಲೋ ಹುಡುಗಾ, ಪುಸ್ತಕದ ಚೀಲ ನಿಂದು, ಓದು ಅವಳದಾ?" ಎಂದ. ಮಂಡಿಯೆಲ್ಲ ನಕ್ಕಿತು.

ಅಪ್ಪ ನಗಲಿಲ್ಲ. "ನಾಳೆ ಸ್ಕೂಲು ತೆಗೀತಾರಲ್ಲ, ಅಕ್ಕನ್ನೂ ಸೇರಿಸ್ಕೋತಾರಾ ಅಂತ ಮೇಷ್ಟ್ರನ್ನ ಕೇಳ್ಕೊಂಡು ಬಾ ಕಣೋ" ಎಂದರು. ಅಕ್ಕನ ಕೈ ಕಾಯಿಯ ಮೇಲೆ ಹಾಗೇ ನಿಂತಿತು.

ಮರುದಿನ ನಾನು ಕೇಳಲೇ ಇಲ್ಲ. ಅವಳು ಶಾಲೆಗೆ ಬಂದರೆ ದಿನವೂ ನನ್ನನ್ನು ಅವಳ ಜೊತೆ ಹೋಲಿಸುತ್ತಾರೆಂಬ ಹೊಟ್ಟೆಯುರಿ. ಅಪ್ಪನಿಗೆ ಇಂಗ್ಲಿಷ್ ಬಾರದು. ಕಚೇರಿಯ ಬಾಗಿಲಲ್ಲಿ ಇಂಗ್ಲಿಷ್ ಹಲಗೆ ಕಂಡರೆ, ಏನು ಬರೆದಿದೆಯೆಂದೂ ಕೇಳದೆ ಎರಡು ಹೆಜ್ಜೆ ಹಿಂದೆ ಸರಿಯುವವರು. ಅದು ನನಗೆ ಗೊತ್ತಿತ್ತು. ಸಂಜೆ ಬಂದು, "ಮೇಷ್ಟ್ರು 'ಶಿ ಮಸ್ಟ್ ನಾಟ್ ಕಮ್' ಅಂದ್ರು" ಎಂದೆ.

ಅಪ್ಪ ಅಕ್ಕನ ಕಡೆ ತಿರುಗಿದರು. "ಹಂಗಂದ್ರೆ ಏನಮ್ಮಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಬರಕೂಡದು ಅಂತ, ಅಪ್ಪಾ" ಎಂದಳು.

ಸುಳ್ಳೆಂದು ಅವಳಿಗೆ ತಿಳಿಯಿತೋ ಇಲ್ಲವೋ, ನಾನರಿಯೆ. ನಾನು ಓದುವಾಗ ಅವಳು ಮತ್ತೆಂದೂ ಹತ್ತಿರ ಕೂರಲಿಲ್ಲ. ನಾನು ಹೈಸ್ಕೂಲು ಮುಗಿಸಿದೆ. ಅವಳು ತಾಯಲೂರಿಗೆ ಮದುವೆಯಾಗಿ ಹೋದಳು. ಹಬ್ಬಕ್ಕೆ ಬಂದಾಗಲೆಲ್ಲ ನನ್ನ ತಟ್ಟೆಗೇ ಮೊದಲು ಬಡಿಸುತ್ತಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಈಗ ಅವಳಿಲ್ಲ.

ನೀವು ಅಣ್ಣ ತಂಗಿ ಒಂದೇ ವ್ಯಾನು ಹತ್ತಿ ಶಾಲೆಗೆ ಹೋಗುತ್ತೀರಿ. ಅಣ್ಣನ ತಪ್ಪನ್ನು ತಂಗಿ ತಿದ್ದಿದರೆ ಕಿತ್ತಾಡಿ, ಐದು ನಿಮಿಷದಲ್ಲಿ ಮರೆಯುತ್ತೀರಿ. ನಮ್ಮ ಕಾಲದಲ್ಲಿ ಒಬ್ಬ ಹುಡುಗಿಯ ಓದು ತಮ್ಮನ ಒಂದು ಮಾತಿಗೆ ಮುಗಿದುಹೋಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಇರಬೇಕಿದ್ದ ಆ ಹೆಸರನ್ನು ಇಲ್ಲಿಯಾದರೂ ಬರೆಯುತ್ತೇನೆ: ನನ್ನ ಅಕ್ಕ, ಮುನಿವೆಂಕಟಮ್ಮ.