ಜಂಗ್ಲಿಸಾಬರ ಬಲಗಿವಿ

ಸಿಂಧನೂರಿನ ಕಾಲುವೆ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಜಂಗ್ಲಿಸಾಬರಿಗೆ ಎಡಗಿವಿ ಕೇಳುವುದಿಲ್ಲ. ಹಟ್ಟಿ ಚಿನ್ನದ ಗಣಿಯಲ್ಲಿ ಹದಿನೆಂಟು ವರ್ಷ ಕಂಪ್ರೆಸರಿನ ಪಕ್ಕ ಪಾಳಿ ಮಾಡಿ ಆ ಕಿವಿಯನ್ನು ಅಲ್ಲೇ ಬಿಟ್ಟು ಬಂದರು. ಅದರ ಬಗ್ಗೆ ಅವರಿಗೆ ಬೇಸರವೇನಿಲ್ಲ. ಉಳಿದ ಬಲಗಿವಿಯ ಮೇಲಿರುವ ಜಂಬ ಮಾತ್ರ ಎರಡು ಕಿವಿಗಾಗುವಷ್ಟಿದೆ. ರೈತರು ಪಂಪಿನ ಮೋಟಾರ್ ಹೊತ್ತು ತಂದರೆ ಅವರು ತಟ್ಟನೆ ಬಿಚ್ಚುವುದಿಲ್ಲ. ಕರೆಂಟು ಕೊಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿ, "ಬೇರಿಂಗ್ ಅಳಾಕತ್ತೈತಿ" ಅನ್ನುತ್ತಾರೆ. ಬಿಚ್ಚಿ ನೋಡಿದರೆ ನಿಜಕ್ಕೂ ಬೇರಿಂಗೇ.

"ಮೋಟಾರ್ ಅತ್ತಿದ್ದೆಲ್ಲ ಕೇಳತೈತಿ ಇವರಿಗೆ. ಮನ್ಯಾಗ ಎಣ್ಣಿ ಮುಗದೈತಿ ಅಂದಿದ್ದು ಮಾತ್ರ ಯಾವ ಕಿವೀಗೂ ಬೀಳಂಗಿಲ್ಲ" ಎಂದು ಅವರ ಹೆಂಡತಿ ಮೆಹಬೂಬ್‌ಬೀ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ವೆಂಕೋಬನ ಅಕ್ಕಿ ಗಿರಣಿ ಒಂದೇ. ಹಾಗಾಗಿ ನಮಗೂ ಕೇಳುತ್ತದೆ.

ತೊಂಬತ್ತೇಳರ ಮಾತು. ಕಾಲುವೆ ಆಫೀಸಿನಲ್ಲಿರುವ ನಮ್ಮವರನ್ನು ಮದುವೆಯಾಗಿ ನಾನು ಮೈಸೂರಿನಿಂದ ಇಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಮಗಳು ಪುಟ್ಟಿಗೆ ಒಂದೂವರೆ ವರ್ಷ. ಅವಳಿಗೆ ಕೆಮ್ಮು. ಬಂದರೆ ವಾರಗಟ್ಟಲೆ, ಉಸಿರಿನಲ್ಲಿ ಸಿಳ್ಳೆ. ರಾಯಚೂರಿನ ಮಕ್ಕಳ ಡಾಕ್ಟರು, "ಯಾವ ದಿನ ಏನು ತಿಂದಳು, ಎಷ್ಟು ಕೆಮ್ಮಿದಳು, ಬರೆದಿಡಿ. ಅದನ್ನು ನೋಡಿಯೇ ದಿನಾ ಗಟ್ಟಿ ಔಷಧಿ ಶುರು ಮಾಡಬೇಕೋ ಬೇಡವೋ ಹೇಳ್ತೀನಿ" ಅಂದಿದ್ದರು. ನಾನು ಏಪ್ರಿಲಿನಿಂದ ಒಂದು ದಿನವೂ ಬಿಡದೆ ಬರೆದೆ. ಒಂದು ಕೆಮ್ಮಿಗೆ ಒಂದು ಚುಕ್ಕಿ. ಬರೆದದ್ದು ನನ್ನ ತಂದೆ ಕೊಡಿಸಿದ ಹಳೆಯ ಕಂಪ್ಯೂಟರಿನಲ್ಲಿ. ಕಾಗದವಾದರೆ ಕಳೆದುಹೋಗುತ್ತದೆ, ಮಗು ಹರಿಯುತ್ತದೆ ಎಂಬ ಭಯ ನನಗೆ.

ದೀಪಾವಳಿಗೆ ತವರಿಗೆ ಹೋಗಿ ಮೂರು ವಾರ ಬಿಟ್ಟು ಬಂದೆ. ಸ್ವಿಚ್ ಹಾಕಿದರೆ ಕಂಪ್ಯೂಟರ್ ಏಳಲೇ ಇಲ್ಲ. ರಾಯಚೂರಿಗೆ ಹೊತ್ತುಕೊಂಡು ಹೋದರೆ ಅಂಗಡಿಯವನು, "ಹಾರ್ಡ್‌ಡಿಸ್ಕ್ ಹೋಗೇದರೀ ಮೇಡಂ, ಹೊಸಾದು ಹಾಕ್ಸ್ರಿ. ಒಳಗಿದ್ದದ್ದು ಮರತುಬಿಡ್ರಿ" ಅಂದ. ಡಾಕ್ಟರು ಹೇಳಿದ ಗುರುವಾರಕ್ಕೆ ಮೂರೇ ದಿನ ಉಳಿದಿತ್ತು. ನಾನು ಊಟ ಬಿಟ್ಟೆ.

"ಜಂಗ್ಲಿಸಾಬರಿಗೆ ತೋರಿಸು" ಅಂದರು ನಮ್ಮವರು.

"ಅವರು ಪಂಪ್ ರಿಪೇರಿಯವರು!"

"ಡಿಸ್ಕಿನೊಳಗ ತಿರುಗೋದು ಏನು, ರೊಟ್ಟಿಯಾ? ಅದೂ ಮೋಟಾರೇ ಅಲ್ಲೇನು?"

ಜಂಗ್ಲಿಸಾಬರು ಬಂದರು. ಹಿಂದೆಯೇ, ಕರೆಯದಿದ್ದರೂ, ಮೆಹಬೂಬ್‌ಬೀ. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಡಿಸ್ಕನ್ನು ವೈರಿನ ಸಮೇತ ಈಚೆ ಎಳೆದು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು.

"ಕಾಕಾ, ದಯವಿಟ್ಟು ಅದರ ಮುಚ್ಚಳ ತೆಗೀಬೇಡಿ."

"ಯಾರ್ ತೆಗಿತಾರ ತಂಗೀ? ಸೀಲ್ ಹಾಕಿದ್ದಕ್ಕ ಕೈ ಹಚ್ಚಬಾರ್ದು ಅಂತ ಗಣ್ಯಾಗ ಮೊದಲನೇ ದಿನಾನ ಕಲಿಸ್ಯಾರ. ನೀ ಸ್ವಿಚ್ ಹಾಕು. ಮಾತಾಡಬ್ಯಾಡ, ಉಸುರೂ ಸಣ್ಣಗ ಬಿಡು."

ಸ್ಕ್ರೂಡ್ರೈವರ್ ಡಿಸ್ಕಿಗೆ, ಹಿಡಿ ಬಲಗಿವಿಗೆ. ನಾವು ಮೂವರೂ ಉಸಿರು ಹಿಡಿದೆವು. ಪುಟ್ಟಿ ಒಬ್ಬಳೇ ಕೆಮ್ಮಿದಳು.

"ಹೋಗಿಲ್ಲ ಇದು" ಅಂದರು ಕಣ್ಣು ಬಿಟ್ಟು. "ಉಂ ಅಂತೈತಿ, ತಿರುಗವಲ್ದು. ಒಳಗ ಅಂಟಿಕೊಂಡೈತಿ. ಎಷ್ಟು ದಿನ ಸುಮ್ನ ಇಟ್ಟಿದ್ದಿ?"

"ಮೂರು ವಾರ. ತವರಿಗೆ ಹೋಗಿದ್ದೆ."

"ನೀ ತವರಿಗೆ ಹೋದಿ, ಇದು ಸಿಟ್ಟಾಗಿ ಕುಂತೈತಿ."

"ನಾ ಹೋದ್ರ ಇವರು ಸಿಟ್ಟಾಗಂಗಿಲ್ಲ, ಕುಣೀತಾರ" ಅಂದರು ಮೆಹಬೂಬ್‌ಬೀ.

ಕರೆಂಟು ಹರಿಯುತ್ತಿರುವಾಗಲೇ ಅವರು ಡಿಸ್ಕನ್ನು ಅಡ್ಡ ಹಿಡಿದು, ಬಿಗಿದ ಬೀಗದಲ್ಲಿ ಕೀಲಿ ತಿರುಗಿಸುವ ಹಾಗೆ ಮುಂಗೈಯನ್ನು ಪಟಕ್ಕನೆ ತಿರುವಿದರು. ಏನಿಲ್ಲ. ಇನ್ನೊಮ್ಮೆ. ಏನಿಲ್ಲ. ಮೂರನೇ ಸಲವೂ ಆಗದಿದ್ದಾಗ ಅವರ ಮುಖ ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ನಾಲ್ಕನೇ ಸಲ ಸುಂಯ್ ಎಂದು ತೆಳ್ಳಗಿನ ಸದ್ದು ಏರಿತು. ನನ್ನ ಎರಡು ಕಿವಿಗೂ ಕೇಳಿಸಿತು.

"ಎದ್ದೈತಿ! ಬಂದ್ ಮಾಡಬ್ಯಾಡ. ಇನ್ನೊಮ್ಮಿ ಮಲಗಿದ್ರ ಏಳಂಗಿಲ್ಲ. ಏನು ಬೇಕೋ ಅದನ್ನಷ್ಟ ತಗೋ."

ಮೊದಲು ಹಾಕಿದ ಫ್ಲಾಪಿ ಕೆಟ್ಟಿತ್ತು. ಎರಡನೆಯದಕ್ಕೆ ಕೆಮ್ಮಿನ ಕಡತ ಇಳಿಯಿತು. ಯಾವುದಕ್ಕೂ ಇರಲಿ ಎಂದು ಆಗಲೇ ಪ್ರಿಂಟಿಗೂ ಕೊಟ್ಟೆ. ಹಳೆಯ ಪ್ರಿಂಟರ್ ಕರಕರ ಎಂದು ಏಳು ತಿಂಗಳನ್ನು ಒಂದೇ ಉದ್ದನೆಯ ಕಾಗದದಲ್ಲಿ ಉಗುಳಿ ಮುಗಿಸುವಷ್ಟರಲ್ಲಿ ಡಿಸ್ಕು ಟಕ್ ಟಕ್ ಎಂದು ಎರಡು ಸಲ ಹೇಳಿ ನಿಂತಿತು. ಮತ್ತೆ ಏಳಲಿಲ್ಲ. ನಾನು ಅಳುತ್ತ ನಗುತ್ತ ಚಹಾ ಮಾಡಲು ಹೋದೆ.

ಹೊರಗೆ ಬಂದರೆ ಜಂಗ್ಲಿಸಾಬರು ಕಾಗದವನ್ನು ನೆಲದುದ್ದಕ್ಕೂ ಹಾಸಿಕೊಂಡು ಕೂತಿದ್ದರು. "ಇದೇನು ತಂಗೀ, ರಂಗೋಲಿ?"

"ಚುಕ್ಕಿಯೆಲ್ಲ ಕೆಮ್ಮು, ಕಾಕಾ. ಊಟದ ಜೊತೆ ಹೊಂದಿಸಿ ಹೊಂದಿಸಿ ಸಾಕಾಯ್ತು. ಬಾಳೆಹಣ್ಣು ಬಿಡಿಸಿದೆ, ಮೊಸರು ಬಿಡಿಸಿದೆ. ಏನೂ ಗೊತ್ತಾಗ್ತಿಲ್ಲ."

ಅವರು ತಾರೀಖುಗಳ ಮೇಲೆ ಬೆರಳು ಓಡಿಸಿದರು. ಕಿಸೆಯಿಂದ ಪೆನ್ನು ತೆಗೆದು ಒಂದು ವಾರಕ್ಕೆ ಗೆರೆ ಎಳೆದರು, ಒಂದು ವಾರ ಬಿಟ್ಟರು, ಮತ್ತೆ ಗೆರೆ. ಗೆರೆ ಎಳೆದಲ್ಲೆಲ್ಲ ಚುಕ್ಕಿಗಳು ಇರುವೆ ಮುತ್ತಿದಂತಿದ್ದವು. ಬಿಟ್ಟಲ್ಲಿ ಖಾಲಿ.

"ಇವು ರಾತ್ರಿ ಕರೆಂಟಿನ ವಾರ" ಅಂದರು. ನಮ್ಮ ಕಡೆಗೆ ಪಂಪು, ಗಿರಣಿಗಳಿಗೆ ಒಂದು ವಾರ ಹಗಲು ಕರೆಂಟು, ಒಂದು ವಾರ ರಾತ್ರಿ. "ರಾತ್ರಿ ವಾರ ಮುಗದ ಮರುದಿನ ಸುಟ್ಟ ಮೋಟಾರ್ ನನ್ನ ಅಂಗಡಿ ಮುಂದ ಸಾಲು ನಿಲ್ತಾವು. ನನಗ ಈ ತಾರೀಖು ಬಾಯಿಪಾಠ. ಆ ವಾರ ವೆಂಕೋಬನ ಗಿರಣಿ ರಾತ್ರೆಲ್ಲ ಹೊಟ್ಟು ಉಗುಳತೈತಿ. ನೀ ರಾತ್ರಿ ಕಿಟಕಿ ತಗೀತಿ ಏನು?"

"ತೆಗೀತೀನಿ. ಮಗುವಿಗೆ ಒಳ್ಳೆ ಗಾಳಿ ಬೇಕು ಅಂತ ಪುಸ್ತಕದಲ್ಲಿದೆ."

"ಹಗಲ ಹೊತ್ತು?"

"ಹಗಲು ಮುಚ್ಚಿಬಿಡ್ತೀನಿ. ಧೂಳು ಕಾಣತ್ತಲ್ಲ..."

ಹೇಳುತ್ತಿದ್ದಂತೆ ನನಗೇ ನಾಚಿಕೆಯಾಯಿತು. ಮೆಹಬೂಬ್‌ಬೀ ಸೆರಗು ಬಾಯಿಗೆ ಒತ್ತಿಕೊಂಡರು. "ಕತ್ತಲಾಗ ಧೂಳಿಗೂ ದಾರಿ ಕಾಣಂಗಿಲ್ಲ ಅಂದ್ಕೊಂಡಿದ್ದೇನವಾ?"

ಕಿಟಕಿ ಮುಚ್ಚಿದರೆ ಕೂಸು ಸೆಕೆಗೆ ಕುದಿಯುತ್ತದೆ ಎಂದು ಜಂಗ್ಲಿಸಾಬರು ಅಂದೇ ಗಿರಣಿಗೆ ಹೋದರು. ವೆಂಕೋಬ ಏನೇನು ಅಂದನೋ, ಅದನ್ನೆಲ್ಲ ಎಡಗಿವಿಯಲ್ಲಿ ಕೇಳಿಕೊಂಡರಂತೆ. ಹೊಟ್ಟಿನ ಕೊಳವೆಯನ್ನು ತಾವೇ ಬಿಚ್ಚಿ ಆಚೆ ಕಡೆಗೆ ತಿರುಗಿಸಿದರು. ಗುರುವಾರ ಡಾಕ್ಟರು ಕಾಗದದ ಗೆರೆಗಳನ್ನು ಎರಡು ಸಲ ನೋಡಿ, ಬರೆಯಲು ತೆಗೆದಿದ್ದ ಚೀಟಿಯನ್ನು ಮಡಿಸಿಟ್ಟರು. "ಔಷಧಿ ಬೇಡ. ಒಂದು ತಿಂಗಳು ನೋಡೋಣ."

ಮುಂದಿನ ರಾತ್ರಿ ಕರೆಂಟಿನ ವಾರದ ಮೂರನೇ ಬೆಳಿಗ್ಗೆ ಮೆಹಬೂಬ್‌ಬೀ ಸಂಡಿಗೆಯ ಮೊರ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮಾಳಿಗೆಯ ಮೇಲೆ ಒಣಹಾಕಿ ರಾತ್ರಿ ಅಲ್ಲೇ ಬಿಟ್ಟಿದ್ದ ಸಂಡಿಗೆಯೆಲ್ಲ ಹೊಟ್ಟು ಮುಸುಕಿ ಕೆಂಚಗಾಗಿತ್ತು. ಕೊಳವೆಯ ಬಾಯಿ ಈಗ ಅವರ ಮಾಳಿಗೆಯ ನೇರಕ್ಕಿತ್ತು. ಬೈಗುಳಕ್ಕೆ ಸಿದ್ಧಳಾಗಿ ನಾನು ಹೊಸ್ತಿಲಲ್ಲಿ ನಿಂತೆ.

"ಕೂಸು ರಾತ್ರಿ ಕೆಮ್ಮಿತೇನು?"

"ಇಲ್ಲ ಚಾಚಿ. ಮೂರು ರಾತ್ರಿಯಿಂದ ಒಂದೂ ಇಲ್ಲ."

ಅವರು ಮೊರವನ್ನು ಅಂಗಳದಲ್ಲಿ ಎರಡು ಸಲ ಕೊಡವಿ, "ಹಂಗಾದ್ರ ಸಂಡಿಗಿ ನಿಮ್ಮ ಮಾಳಗಿ ಮ್ಯಾಲ ಹಾಕ್ತೀನಿ, ಏಣಿ ಕೊಡು" ಅಂದರು.