ಮೇಲವಂಕಿಗೆ ಬರೆದ ಕರಪತ್ರ

ಕೊರೊನಾದ ಹಾವಳಿ ತಗ್ಗಿದ ಮರುವರ್ಷ ನಾನು ಗೋಕಾಕ ತಾಲ್ಲೂಕಿನಲ್ಲಿ ಆರೋಗ್ಯ ಶಿಕ್ಷಣಾಧಿಕಾರಿಯಾಗಿದ್ದೆ. ಇರುವ ಸೌಲಭ್ಯಗಳನ್ನು ಜನ ಬಳಸಿಕೊಳ್ಳುವಂತೆ ಒಪ್ಪಿಸುವುದು ನನ್ನ ಕೆಲಸ. ಅದಕ್ಕಾಗಿ ಸಭೆ ನಡೆಸುತ್ತಿದ್ದೆ, ಗೋಡೆಬರಹ ಬರೆಸುತ್ತಿದ್ದೆ, ಕರಪತ್ರ ಬರೆಯುತ್ತಿದ್ದೆ. ಅದಕ್ಕೆ ಮೊದಲು ಹುಕ್ಕೇರಿಯಲ್ಲಿ ಇದೇ ಹುದ್ದೆಯಲ್ಲಿದ್ದೆನಾದರೂ, ಒಂದು ಕರಪತ್ರ ಹೇಗೆ ಆರಂಭವಾಗಬೇಕು ಎಂದು ಕೂತು ಯೋಚಿಸುವ ಪ್ರಸಂಗ ಬಂದದ್ದು ಮೇಲವಂಕಿಯಲ್ಲಿ.

ಆ ಊರಿನಲ್ಲಿ ಮೂವತ್ತು ದಾಟಿದ ಹೆಂಗಸರಿಗಾಗಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಶಿಬಿರ ಏರ್ಪಾಟಾಗಿತ್ತು. ಮಾಡುವುದು ವಿಐಎ ಎಂಬ ಪರೀಕ್ಷೆ. ಗರ್ಭಚೀಲದ ಬಾಯಿಗೆ ವಿನೆಗರ್‌ನಂಥ ತೆಳು ದ್ರಾವಣ ಹಚ್ಚಿ ತುಸು ಹೊತ್ತು ಕಾಯುತ್ತಾರೆ. ಅಲ್ಲಿ ಬಿಳಿ ಕಲೆ ಮೂಡಿದರೆ ಹೆಚ್ಚಿನ ತಪಾಸಣೆಗೆ ಕಳಿಸುತ್ತಾರೆ. ರೋಗ ಬಲಿಯುವ ಮೊದಲೇ ಅದನ್ನು ಹಿಡಿಯಲು ಇದು ಸುಲಭದ ದಾರಿ. ಶಿಬಿರಕ್ಕೆ ಮುಂಚೆ ಹಿಂದಿನಿಂದ ಬಂದ ಮಾದರಿಯ ಕರಪತ್ರ ಮನೆಮನೆಗೆ ಹೋಗಿತ್ತು. ಆದರೂ ಅಂದು ಬಂದವರು ಆಶಾ ಕಾರ್ಯಕರ್ತೆಯರು ಮಾತ್ರ. ಮುಂದಿನ ತಿಂಗಳು ಇನ್ನೊಮ್ಮೆ ಬರುತ್ತೇವೆ, ಆಗಲೂ ಹೀಗೇ ಆದರೆ ತಂಡವನ್ನು ಬೇರೆ ಊರಿಗೆ ಕಳಿಸಬೇಕಾಗುತ್ತದೆ ಎಂದು ವೈದ್ಯರು ಹೇಳಿ ಹೋದರು.

ಹೆಂಗಸರು ಯಾಕೆ ಬರಲಿಲ್ಲ ಎಂದು ತಿಳಿಯಲು ನಾನು ಮತ್ತು ಆ ಊರಿನ ನರ್ಸ್ ರಜಿಯಾ ಸ್ವಸಹಾಯ ಸಂಘದ ಸಭೆಗೆ ಹೋದೆವು. ಸಭೆ ನಡೆದದ್ದು ಪದ್ಮವ್ವ ಎಂಬ ಜೈನ ಒಕ್ಕಲಗಿತ್ತಿಯ ಪಡಸಾಲೆಯಲ್ಲಿ. ಐವತ್ತು ದಾಟಿದ ಗಟ್ಟಿ ಹೆಣ್ಣುಮಗಳು. ಓಣಿಯ ಹೆಂಗಸರು ಆಕೆಯ ಮಾತು ಮೀರುತ್ತಿರಲಿಲ್ಲ. ಆಕೆಯ ಸೊಸೆ ಸುಜಾತಾಳ ಕೈಗೆ ನಮ್ಮ ಕರಪತ್ರ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದೆ. ಎಲ್ಲಿ ಜನರ ಗಮನ ತಪ್ಪುತ್ತದೆ ಎಂದು ನನಗೆ ನೋಡಬೇಕಿತ್ತು.

‘ಗರ್ಭಕೊರಳಿನ ಕ್ಯಾನ್ಸರ್ ಒಂದು ಮಾರಕ ರೋಗವಾಗಿದ್ದು’ ಎಂದು ಅದು ಶುರುವಾಗುತ್ತಿತ್ತು. ಆ ವಾಕ್ಯ ಮುಗಿಯುವುದರೊಳಗೆ ಇಬ್ಬರು ಒಲೆಯ ನೆಪ ಹೇಳಿ ಎದ್ದರು. ರೋಗದ ಕಾರಣಗಳು, ಲಕ್ಷಣಗಳು, ಯೋಜನೆಯ ವಿವರ ಬಂದಾಗ ಉಳಿದವರು ತಮ್ಮತಮ್ಮಲ್ಲೇ ಮಾತಿಗಿಳಿದರು. ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ಎಂಬ ಮಾತು ಇದ್ದದ್ದು ಕೊನೆಯಲ್ಲಿ. ಅಲ್ಲಿಗೆ ಮುಟ್ಟುವ ಮೊದಲೇ ಪದ್ಮವ್ವ ಸೊಸೆಯನ್ನು ತಡೆದರು.

“ನಮ್ಮ ತಂಗಿನ್ನೂ ಹಿಂಗ ಬರೇ ನೋಡ್ತೇವಂತ ಕರಕೊಂಡ ಹೋಗಿ ಚೀಲಾ ತಗದ್ರು,” ಎಂದರು. “ಆಕಿ ಅವತ್ತಿನಿಂದ ನೆಟ್ಟಗಿಲ್ಲ. ನೀವು ಹಂಗ ಮಾಡೂದಿಲ್ಲಂತ ಹೆಂಗ ನಂಬೂದ್ರಿ?”

ವಿಚಾರಿಸಿದಾಗ ಅಂಥ ಸಂಗತಿ ಅಲ್ಲಿದ್ದ ಹೆಚ್ಚಿನವರ ನೆಂಟರಿಷ್ಟರಲ್ಲೂ ಇತ್ತು. ನಾವು ಕ್ಯಾನ್ಸರ್ ಹೆಸರಿನಿಂದ ಹೆದರಿಸಲು ಹೊರಟಿದ್ದೆವು. ಅವರಿಗೆ ಅದಕ್ಕಿಂತ ಹತ್ತಿರದ ಭಯ ಆಗಲೇ ಇತ್ತು.

ಮರುದಿನವೇ ಹೊಸದಾಗಿ ಬರೆಯಲು ಕೂತೆ. ‘ಈ ತಪಾಸಣೆಯಲ್ಲಿ ಯಾರ ಗರ್ಭಚೀಲವನ್ನೂ ತೆಗೆಯುವುದಿಲ್ಲ’ ಎಂಬುದು ಮೊದಲ ಸಾಲಾಯಿತು. ವೈದ್ಯರು ಒಪ್ಪಲಿಲ್ಲ. “ಮುಂದ ಯಾರಿಗರೆ ಖರೇನ ತಗೀಬೇಕಾದ್ರ ಏನ್ ಹೇಳ್ತೀರಿ?” ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಹಾಗಾಗಿ ಕಲೆ ಕಂಡರೆ ಬೆಳಗಾವಿಗೆ ಕಳಿಸುತ್ತೇವೆ, ಹೆಚ್ಚಿನವರಿಗೆ ಸಣ್ಣ ಚಿಕಿತ್ಸೆ ಸಾಕಾಗುತ್ತದೆ, ಅಪರೂಪಕ್ಕೆ ದೊಡ್ಡದು ಬೇಕಾಗಬಹುದು, ನಿಮ್ಮನ್ನು ಕೇಳದೆ ಯಾವುದನ್ನೂ ಮಾಡುವುದಿಲ್ಲ ಎಂಬುದನ್ನೂ ಬರೆದೆ. ಜನ ಬರಲೆಂದು ಅರ್ಧ ಸತ್ಯ ಬರೆದರೆ ಎರಡನೆಯ ಸಲ ನಮ್ಮ ಕಾಗದವನ್ನು ಯಾರೂ ಮುಟ್ಟುವುದಿಲ್ಲ.

ಮೊದಲ ಸಾಲು ಕೂತ ಮೇಲೆ ಉಳಿದವು ಅದರ ಬೆನ್ನು ಹಿಡಿದು ಬಂದವು. ತೆಗೆಯುವುದಿಲ್ಲ ಎಂದರೆ ಮತ್ತೇನು ಮಾಡುತ್ತೀರಿ ಎಂದು ಕೇಳುತ್ತಾರೆ. ಪರೀಕ್ಷೆಯ ವಿವರ ಅಲ್ಲಿಗೆ ಬಂತು. ನೋವಾಗುತ್ತದೆಯೇ, ಗಂಡಸರು ನೋಡುತ್ತಾರೆಯೇ ಎಂಬುವು ಅದರ ಹಿಂದೆ. ಇಷ್ಟಾದ ಮೇಲೆ, ಏನೂ ತೊಂದರೆಯಿಲ್ಲದ ನಾನು ಯಾಕೆ ಬರಬೇಕು ಎಂಬ ಪ್ರಶ್ನೆ ಏಳುತ್ತದೆ. ಕ್ಯಾನ್ಸರ್ ಎಂಬ ಮಾತು ಬಂದದ್ದು ಆಗ. ‘ಗರ್ಭಕೊರಳು’ ಇಲ್ಲಿ ಯಾರ ಬಾಯಲ್ಲೂ ಇಲ್ಲವೆಂದು ರಜಿಯಾ ಅದನ್ನು ‘ಗರ್ಭಚೀಲದ ಬಾಯಿ’ ಮಾಡಿಸಿದಳು. ಮತ್ತೆ ಅದೇ ಪಡಸಾಲೆಗೆ ಹೋಗಿ ಓದಿಸಿದೆವು. ಕೇಳುವವರು ನಡುವೆ ಎಲ್ಲಿ ಪ್ರಶ್ನೆ ಹಾಕಿದರೋ ಅಲ್ಲಿಗೇ ಉತ್ತರದ ಸಾಲನ್ನು ತಂದಿಟ್ಟೆ. ಪದ್ಮವ್ವ ಈ ಸಲ ಪೂರ್ತಿ ಕೇಳಿದರು.

ಎರಡನೆಯ ಶಿಬಿರದ ದಿನ ಹೊರಗೆ ಹಾಸಿದ ಜಮಖಾನೆ ಸಾಲಲಿಲ್ಲ. ಪದ್ಮವ್ವ ಸೊಸೆಯನ್ನು ಕರೆತಂದಿದ್ದರು. ತಮ್ಮ ತಪಾಸಣೆಯ ವಿಚಾರ ಅವರ ಮನಸ್ಸಿನಲ್ಲಿ ಇರಲಿಲ್ಲ. ಬಂದವರು ಬಂದಿದ್ದೀರಿ, ಮುಗಿಸಿಕೊಂಡು ಹೋಗಿ ಎಂದು ರಜಿಯಾ ಒಳಗೆ ಕರೆದೊಯ್ದಳು. ಸುಜಾತಾಗೆ ಏನೂ ಇರಲಿಲ್ಲ. ಕಲೆ ಕಂಡದ್ದು ಪದ್ಮವ್ವನವರಲ್ಲಿ.

ಹೊರಗೆ ಬಂದು ಸೆರಗಿನ ಗಂಟಿನಿಂದ ಕರಪತ್ರ ತೆಗೆದರು. ಆಮೇಲೆ ನನ್ನನ್ನು ಕರೆದು, “ಇದನ್ನ ಬರದವರು ನೀವ ಅಲ್ಲೇನ್ರಿ? ಬೆಳಗಾವಿಗೆ ನನ್ನ ಜೋಡಿ ನೀವ ಬರಬೇಕು,” ಎಂದರು.

ಹೋದೆ. ಬೆಳಗಾವಿಯಲ್ಲಿ ಕಲೆಯಿದ್ದ ಜಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನನ್ನ ಮನಸ್ಸು ನೆಟ್ಟಗಿರಲಿಲ್ಲ. ನನ್ನ ಕಾಗದದಲ್ಲಿ ಸುಳ್ಳಿರಲಿಲ್ಲ, ನಿಜ. ಆದರೆ ಗರ್ಭಚೀಲವನ್ನೇ ತೆಗೆಯಬೇಕೆಂದು ವರದಿ ಬಂದರೆ ಆ ಓಣಿಯಲ್ಲಿ ಉಳಿಯುವುದು ನಾನು ಬರೆದ ಮೊದಲ ಸಾಲು ಮಾತ್ರ. ವರದಿ ಬಂತು. ಕ್ಯಾನ್ಸರ್ ಆಗಿರಲಿಲ್ಲ, ಹಾಗೆ ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದ ಬದಲಾವಣೆ. ಮತ್ತೊಮ್ಮೆ ಬೆಳಗಾವಿಗೆ ಹೋದಾಗ ಅತಿ ತಣ್ಣನೆಯ ಅನಿಲ ತಾಗಿಸಿ ಆ ಭಾಗವನ್ನಷ್ಟೇ ಸುಟ್ಟರು. ಸಂಜೆ ಬಸ್ಸಿಗೆ ನಾವಿಬ್ಬರೂ ಊರಿಗೆ ಮರಳಿದೆವು. ದಾರಿಯಲ್ಲಿ ಪದ್ಮವ್ವ ಕೇಳಿದ್ದು ಒಂದೇ: ನೆಟ್ಟಗಿಲ್ಲದ ತಂಗಿಯನ್ನೂ ಬೆಳಗಾವಿಯ ವೈದ್ಯರಿಗೆ ಒಮ್ಮೆ ತೋರಿಸಬಹುದೇ ಎಂದು.

ಅದೇ ಕರಪತ್ರವನ್ನು ಮೂಡಲಗಿಯ ಕಡೆಯೂ ಬಳಸಿದರು. ಅಲ್ಲಿಯ ಹೆಂಗಸರ ಪ್ರಶ್ನೆಗಳು ಬೇರೆ ಇದ್ದದ್ದರಿಂದ ಸಾಲುಗಳ ಕ್ರಮ ಬದಲಿಸಿಕೊಟ್ಟೆ. ಒಪ್ಪಿಸುವ ಬರಹ ಓದುವವರ ಅಂಜಿಕೆಯಿಂದ ಶುರುವಾಗಬೇಕು, ಪ್ರತಿ ಸಾಲೂ ಹಿಂದಿನ ಸಾಲು ಎಬ್ಬಿಸಿದ ಪ್ರಶ್ನೆಗೆ ಉತ್ತರವಾಗಬೇಕು ಎಂದು ತರಬೇತಿಗೆ ಬಂದ ಹೊಸಬರಿಗೆ ನಾನು ಹೇಳುತ್ತಿದ್ದೆ. ಅವರು ಅದನ್ನು ಬರೆದುಕೊಳ್ಳುತ್ತಿದ್ದರು. ಇನ್ನೊಂದು ಮಾತನ್ನು ಮಾತ್ರ ನಾನು ನಿಧಾನವಾಗಿ ಹೇಳುತ್ತಿದ್ದೆ: ನಿಮ್ಮ ಅಕ್ಷರ ನಂಬಿ ಒಬ್ಬರು ಮನೆಯಿಂದ ಹೊರಟರೆ, ಅವರು ವಾಪಸು ಮನೆ ಮುಟ್ಟುವವರೆಗೆ ನಿಮ್ಮ ಬರಹ ಮುಗಿದಿರುವುದಿಲ್ಲ.