ಕೆರೆಯ ಹಿಂದಿನ ತುಂಡು ಜಾಗ

ಎಂಬತ್ತರ ದಶಕದ ಮೊದಲಲ್ಲಿ ನಾನು ಪುರಸಭೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ಅಲ್ಲಿ ಒಬ್ಬ ನಕ್ಷೆಗಾರರಿದ್ದರು. ಕುಂಚವನ್ನು ತುಟಿಗೆ ತಾಗಿಸಿ ಮೊನೆ ಮಾಡಿಕೊಳ್ಳುತ್ತಿದ್ದರಿಂದ ಅವರ ಕೆಳತುಟಿಗೆ ಸದಾ ಯಾವುದಾದರೂ ಬಣ್ಣ ಹತ್ತಿರುತ್ತಿತ್ತು. ಯಾರು ಏನು ಕೇಳಿದರೂ, "ಒಂದ್ಸಲ ಹೋಗಿ ನೋಡಾನ ನಡೀರಿ" ಎನ್ನುವರು.

ಆ ವರ್ಷ ಮೇಲಿನಿಂದ ಆದೇಶ ಬಂತು. ಚನ್ನಗಿರಿ, ಹೊನ್ನಾಳಿ, ಜಗಳೂರು, ಯಾವ ಊರಿನ ನಕ್ಷೆಯಾದರೂ ಬಣ್ಣಗಳು ಒಂದೇ ಬಗೆಯಲ್ಲಿರಬೇಕು. ಸಣ್ಣಪುಟ್ಟ ಜಾಗಗಳನ್ನು ಪಕ್ಕದ ಬಣ್ಣಕ್ಕೇ ಸೇರಿಸಬೇಕು.

ನಮ್ಮ ಕೆರೆಯ ಹಿಂದೆ ಒಂದು ತುಂಡು ಜಾಗವಿತ್ತು. ಹುಟ್ಟುತ್ತಲೇ ತೀರಿಕೊಂಡ ಕೂಸುಗಳನ್ನು ಅಲ್ಲಿ ಹೂಳುತ್ತಿದ್ದರು. ಅದಕ್ಕೆ ಕಾಗದಪತ್ರ ಇರಲಿಲ್ಲ. ಹೊಸ ನಿಯಮದಂತೆ ಅದು ಮನೆ ಕಟ್ಟುವ ಜಾಗದ ಹಳದಿ ಬಣ್ಣಕ್ಕೆ ಸೇರಬೇಕಿತ್ತು. ನಕ್ಷೆಗಾರರು ಹೋಗಿ ಅಳೆದು ಬಂದು, ಸ್ಮಶಾನದ ಬಣ್ಣ ಹಾಕಿ ಕಳಿಸಿದರು. ನಕ್ಷೆ ವಾಪಸು ಬಂತು. ಮತ್ತೆ ಹಾಗೇ ಬರೆದು ಕಳಿಸಿದರು. ಮೂರನೇ ಸಲ ಮೇಲಿನ ಕಚೇರಿಯ ಅಧಿಕಾರಿಯೇ ಜೀಪಿನಲ್ಲಿ ಬಂದರು.

"ಉಗುರಿನಷ್ಟು ಜಾಗ. ಬಿಟ್ಟರೆ ಏನಾಗುತ್ತೆ ರೀ?"

"ಒಂದ್ಸಲ ಹೋಗಿ ನೋಡಾನ ನಡೀರಿ, ಸಾಹೇಬ್ರೆ."

ನಾನೂ ಜೊತೆಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ಕುಳಿತು ಮುಳ್ಳುಗಿಡ ಕೀಳುತ್ತಿದ್ದಳು.

"ಇಲ್ಲೇನಿದೆಯಮ್ಮ?" ಎಂದು ಅಧಿಕಾರಿ ಕೇಳಿದರು.

"ನನ್ನವು ಮೂರು ಅದಾವೆ, ಸ್ವಾಮಿ" ಎಂದಳು, ತಲೆ ಎತ್ತದೆ.

ಅಧಿಕಾರಿ ವಾಪಸು ನಡೆದರು. ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿಸಿ, ಇದ್ದ ಹಾಗೇ ಸಹಿ ಹಾಕಿದರು. ಶಾಯಿ ಒಣಗುವವರೆಗೆ ನಕ್ಷೆಗಾರರು ಹಾಳೆ ಗಾಳಿಗೆ ಹಾರದಂತೆ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರು.